ದೂರದ ನಡಿಗೆ, ದೀರ್ಘ ದುಡಿಮೆ ಮತ್ತು ಪಿಷ್ಟಾಹಾರ

ಮಹಾಶಿವರಾತ್ರಿ ಸಮೀಪಿಸಿದಾಗ ಚಾಮರಾಜನಗರ ಸೀಮೆಯ ಅನೇಕ ದಂಪತಿಗಳು ಕೊಳ್ಳೇಗಾಲ, ಹನೂರು, ಕೌದಳ್ಳಿ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ತೆರಳುತ್ತಾರೆ. ಬದನಗುಪ್ಪೆಯವರಿಗೆ ಇದು ನೂರು ಕಿಲೋಮೀಟರಿಗೂ ಮಿಗಿಲಾದ ಹಾದಿ. ತಾಳುಬೆಟ್ಟದ ಏರಿನಲ್ಲಿ ಕಾಲು ಸೋತು ಕುಳಿತವರನ್ನು ವಿಚಾರಿಸಿದರೆ, ಹಲವರು ಬೆಳಗಿನಿಂದ ಕಾಫಿಯ ಹೊರತು ಏನನ್ನೂ ಸೇವಿಸಿರುವುದಿಲ್ಲ. ಇದಕ್ಕೆ ಕಾರಣವನ್ನು ಪತಿಪತ್ನಿಯರಿಬ್ಬರೂ ಅರಿತಿರುವುದು ಒಳ್ಳೆಯದು.

ರಾಗಿ, ಅಕ್ಕಿ, ಬೆಲ್ಲ, ಬಾಳೆಹಣ್ಣು ಮುಂತಾದವುಗಳಲ್ಲಿರುವ ಪಿಷ್ಟ ಮತ್ತು ಸಕ್ಕರೆಗಳು ದೇಹದಲ್ಲಿ ಗ್ಲೈಕೋಜೆನ್ ಎಂಬ ರೂಪದಲ್ಲಿ ಶೇಖರವಾಗುತ್ತವೆ. ಚೆನ್ನಾಗಿ ಉಂಡ ವಯಸ್ಕರ ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಇರುತ್ತದೆ. ಯಕೃತ್ತಿನ ದಾಸ್ತಾನು ರಕ್ತದ ಮೂಲಕ ಮೆದುಳಿಗೂ ಇತರ ಅಂಗಗಳಿಗೂ ಹಂಚಿಕೆಯಾಗುತ್ತದೆ. ಮಾಂಸಖಂಡದ್ದು ಹಾಗಲ್ಲ, ಹಿಂದೆ ಮನೆಮನೆಗೂ ಇದ್ದ ರಾಗಿಯ ಹಗೇವಿನಂತೆ ಅದು ಸ್ವಂತ ಬಳಕೆಗೆ ಮಾತ್ರ. ತೊಡೆಯ ಹಗೇವು ಬರಿದಾದರೆ ತೋಳಿನದು ನೆರವಿಗೆ ಬಾರದು.

ಇದನ್ನು 1966ರಲ್ಲಿ ಸ್ವೀಡನ್ ದೇಶದ ವೈದ್ಯರಾದ ಬೆರ್ಗ್‌ಸ್ಟ್ರಮ್ ಮತ್ತು ಹಲ್ಟ್‌ಮನ್ ತಮ್ಮ ದೇಹಗಳ ಮೇಲೆಯೇ ಪರೀಕ್ಷಿಸಿ ತೋರಿಸಿದರು. ಒಂದೇ ಸೈಕಲ್ಲಿನ ಎರಡು ಬದಿಗಳಲ್ಲಿ ಕುಳಿತು, ತಲಾ ಒಂದೊಂದು ಕಾಲಿನಿಂದ ದಣಿಯುವವರೆಗೆ ತುಳಿದರು. ಅನಂತರ ಮೂರು ದಿನ ಪಿಷ್ಟಪ್ರಧಾನ ಆಹಾರ ಸೇವಿಸಿ, ಸೂಜಿಯಿಂದ ಮಾಂಸಖಂಡದ ಚೂರನ್ನು ತೆಗೆದು ಅಳೆದರು. ದುಡಿದ ಕಾಲಿನಲ್ಲಿ ಗ್ಲೈಕೋಜೆನ್ ಮರಳಿ ತುಂಬಿದ್ದಲ್ಲದೆ, ವಿಶ್ರಮಿಸಿದ ಕಾಲಿನದರ ಸುಮಾರು ಎರಡರಷ್ಟಾಗಿತ್ತು!

ನಡಿಗೆಯಲ್ಲಿ ಕೊಬ್ಬೂ ಉರಿಯುತ್ತದೆ. ಆದರೆ ಏರು ಹತ್ತುವಾಗ ಗ್ಲೈಕೋಜೆನ್ನಿನ ಖರ್ಚು ಹೆಚ್ಚು. ಅದು ಕಡಮೆಯಾದಂತೆ ದೇಹವು ಮಾಂಸಖಂಡದ ಸಸಾರಜನಕವನ್ನು ಹೆಚ್ಚು ಹೆಚ್ಚಾಗಿ ಉರುವಲಾಗಿ ಬಳಸತೊಡಗುತ್ತದೆ. ಮನೆಯ ತೊಲೆಯನ್ನೇ ಒಲೆಗೆ ಇಟ್ಟಂತೆ. ಆದುದರಿಂದ ಹೊರಡುವ ಎರಡು ಮೂರು ಗಂಟೆ ಮೊದಲು ಊಟ ಮಾಡಿ, ನಡಿಗೆ ಒಂದೂವರೆ ಗಂಟೆ ಮೀರಿದ ಬಳಿಕ ಗಂಟೆಗೆ ಸುಮಾರು 30 ಗ್ರಾಂ ಪಿಷ್ಟ ಅಥವಾ ಸಕ್ಕರೆ ದೊರೆಯುವಂತೆ ನೋಡಿಕೊಳ್ಳಬೇಕು. ಒಂದು ಪಚ್ಚಬಾಳೆಹಣ್ಣು ಮತ್ತು ಚಿಕ್ಕ ಬೆಲ್ಲದ ಚೂರು ಸಾಕು. ಇಲ್ಲವೇ ಅರ್ಧ ಲೀಟರ್ ನೀರಿಗೆ 30 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು, ನಿಂಬೆರಸ ಬೆರೆಸಿದ ಪಾನಕ. ಇದಕ್ಕಿಂತ ಬಹಳ ಸಿಹಿಯಾದುದು ಹೊಟ್ಟೆ ಉಬ್ಬರಿಸುತ್ತದೆ. ಅರವಟ್ಟಿಗೆಗಳಲ್ಲಿ ಉದಾರವಾಗಿ ಬೆಲ್ಲ ಸುರಿಯುವ ಭಕ್ತರು ಕ್ಷಮಿಸಬೇಕು. ಉಪವಾಸವಿರುವವರಲ್ಲಿ ಅನೇಕರಿಗೆ ಹಣ್ಣು, ಹಾಲು, ಪಾನಕಗಳು ನಿಷಿದ್ಧವಲ್ಲ.

ದಣಿವಿನ ನಂತರದ ಮೊದಲ ಎರಡು ಗಂಟೆಗಳಲ್ಲಿ ಮಾಂಸಖಂಡವು ಸಕ್ಕರೆಯನ್ನು ಅತಿ ಶೀಘ್ರವಾಗಿ ಹೀರಿಕೊಳ್ಳುತ್ತದೆ. ಆಹಾರವನ್ನು ಎರಡು ಗಂಟೆ ತಡ ಮಾಡಿದರೆ ತುಂಬುವ ವೇಗ ಸುಮಾರು ಅರ್ಧಕ್ಕೆ ಇಳಿಯುವುದೆಂದು 1988ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ದಾಸ್ತಾನು ಪೂರ್ತಿ ತುಂಬಲು ಸುಮಾರು ಒಂದು ದಿನವೇ ಬೇಕು.

ಇಲ್ಲಿ ಗಂಡಂದಿರು ಗಮನಿಸಬೇಕಾದ ಸಂಗತಿಯೊಂದಿದೆ. ದಿನವಿಡೀ ಅರಿಸಿನದ ಹೊಲದಲ್ಲಿ ಕಳೆ ಕಿತ್ತು ಬಂದ ಹೆಂಡತಿಯು ಒಲೆ ಹಚ್ಚಿ, ಎಲ್ಲರಿಗೂ ಬಡಿಸಿ, ಕೊನೆಯಲ್ಲಿ ಉಳಿದುದನ್ನು ಉಣ್ಣುವಷ್ಟರಲ್ಲಿ ಮೂರು ನಾಲ್ಕು ಗಂಟೆ ಕಳೆದಿರುತ್ತದೆ. ಮರುದಿನ ಅದೇ ಅರೆತುಂಬಿದ ಕೈಕಾಲುಗಳೊಡನೆ ಆಕೆ ಹೊಲಕ್ಕೆ ಹೋಗಬೇಕು. ಮನೆಗೆ ಬಂದ ಕೂಡಲೇ ಆಕೆಗೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯನ್ನೋ ಹಣ್ಣನ್ನೋ ಕೊಡಿರಿ. ಅಂದು ಗಂಡನೇ ಒಲೆ ಹಚ್ಚಿದರೂ ತಪ್ಪೇನಿಲ್ಲ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 70 ಗ್ರಾಂ ಪಿಷ್ಟವಿರುತ್ತದೆ; ಜೊತೆಗೆ ಹುರುಳಿ ಅಥವಾ ಅವರೆಕಾಳಿನ ಸಾರು ಇದ್ದರೆ ಸವೆದ ಮಾಂಸಖಂಡದ ದುರಸ್ತಿಗೆ ಸಸಾರಜನಕವೂ ದೊರೆಯುತ್ತದೆ.

ಕುಳಿತು ಕೆಲಸ ಮಾಡುವವರಿಗೆ ಈ ಹೆಚ್ಚುವರಿ ಬೆಲ್ಲ ಬೇಡ, ಅದು ಕೊಬ್ಬಾಗುವುದು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಉಪವಾಸವಿದ್ದು ದೂರ ನಡೆಯಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಯಾತ್ರೆಗೆ ಕೆಲವು ದಿನ ಮುಂಚಿತವಾಗಿಯೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಕೇಳಿಕೊಳ್ಳತಕ್ಕದ್ದು. ನಡುಕ, ಬೆವರು, ಕಣ್ಣು ಕತ್ತಲೆ ಕಾಣಿಸಿದರೆ ಕೂಡಲೇ ತಿನ್ನಲು ಒಂದು ಪೊಟ್ಟಣ ಸಕ್ಕರೆ ಅವರ ಜೇಬಿನಲ್ಲಿರಲಿ.