ಮಗ್ಗಕ್ಕೆ ಇಬ್ಬರು, ಕಾಗದಕ್ಕೂ ಇಬ್ಬರು

ಗುಳೇದಗುಡ್ಡದಲ್ಲಿ ಖಣ ಒಬ್ಬರ ಕೈಯಿಂದ ಆಗುವಂಥದ್ದಲ್ಲ. ಗಂಡ ಮಗ್ಗದಲ್ಲಿ ಕುಳಿತರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಕಡಿದ ಎಳೆ ಕೂಡಿಸುತ್ತಾಳೆ. ಆದರೆ ಪಾಸ್‌ಬುಕ್ಕು, ನೇಕಾರರ ಕಾರ್ಡು, ಮನೆಯ ಉತಾರ ತೆಗೆದು ನೋಡಿ: ಎಷ್ಟೋ ಮನೆಗಳಲ್ಲಿ ಇರುವುದು ಗಂಡನ ಹೆಸರೊಂದೇ. ಕಣ್ಣು ಮಂಜಾಗಿ ಎಳೆ ಕಾಣದಾದ ಮೇಲೂ ಇಬ್ಬರಿಗೂ ರೊಟ್ಟಿ ಬೇಕು. ಅದರ ತಯಾರಿ ಹೀಗೆ.

ಹಂತ 1: ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇಬ್ಬರಿಗೂ ಬೇರೆ ಬೇರೆ ಉಳಿತಾಯ ಖಾತೆ ಇರಲಿ. ಮನೆಖರ್ಚಿನ ಜಂಟಿ ಖಾತೆಗೆ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂದು ಬರೆಸಿ.

ಹಂತ 2: ಅಟಲ್ ಪಿಂಚಣಿ ಯೋಜನೆಗೆ ಎರಡು ಅರ್ಜಿ ಹಾಕಿ. ಒಂದು ಸಾಲದು. ವಯಸ್ಸು 18ರಿಂದ 40ರ ಒಳಗಿರಬೇಕು. 60 ತುಂಬಿದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ ಪಿಂಚಣಿ. 5,000 ಬೇಕೆಂದರೆ 25ನೇ ವಯಸ್ಸಿಗೆ ಸೇರಿದವರ ಕಂತು ತಿಂಗಳಿಗೆ 376 ರೂಪಾಯಿ, 30ಕ್ಕೆ 577, 40ಕ್ಕೆ 1,454. ತಡಮಾಡಿದ ಬೆಲೆ ಎಷ್ಟೆಂದು ಈ ಮೂರು ಅಂಕಿಗಳೇ ಹೇಳುತ್ತವೆ. ಕೈಮಗ್ಗ ನೇಕಾರರಿಗೆ ರಾಜ್ಯದ ನೇಕಾರ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5,000 ರೂಪಾಯಿ ಬರುತ್ತದಲ್ಲ, 25ರ ಹುಡುಗಿಯ ಇಡೀ ವರ್ಷದ ಕಂತು 4,512 ಅದರಲ್ಲೇ ಮುಗಿಯುತ್ತದೆ. ಕೂಲಿ ಪ್ರತಿ ತಿಂಗಳೂ ಒಂದೇ ಸಮ ಬರದವರು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಕಟ್ಟಬಹುದು. ಕಂತಿನ ದಿನ ಖಾತೆಯಲ್ಲಿ ಹಣವಿದ್ದರೆ ಸರಿ.

ಪಿಂಚಣಿ ಪಡೆಯುತ್ತಿದ್ದ ಒಬ್ಬರು ತೀರಿಕೊಂಡರೆ ಅಷ್ಟೇ ಮೊತ್ತ ಇನ್ನೊಬ್ಬರಿಗೆ ಜೀವನಪೂರ್ತಿ ಬರುತ್ತದೆ. ಇಬ್ಬರೂ ಹೋದ ಮೇಲೆ, 5,000ದ ಪಿಂಚಣಿಯಾದರೆ 8.5 ಲಕ್ಷ ರೂಪಾಯಿ ನಾಮಿನಿಯ ಪಾಲು. ಇಬ್ಬರೂ ಸೇರಿದ್ದರೆ ಉಳಿದವರ ಕೈಗೆ ಎರಡು ಪಿಂಚಣಿ. ಹೆಂಡತಿಯ ಅರ್ಜಿ ಬೇಕೇ ಬೇಕು ಎನ್ನುವುದು ಇದಕ್ಕೇ.

ಹಂತ 3: ಇವತ್ತಿನ 5,000 ಮೂವತ್ತು ವರ್ಷದ ಮೇಲೆ ಇಷ್ಟು ಬಾಳುವುದಿಲ್ಲ. 40 ದಾಟಿದವರಿಗಂತೂ ಆ ಬಾಗಿಲೇ ಮುಚ್ಚಿದೆ. ಅಂಥವರು ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ತೆರೆಯಲಿ: ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ, ಅವಧಿ 15 ವರ್ಷ. ಸಾಲ ಕೊಟ್ಟವರು ಕೋರ್ಟಿಗೆ ಹೋದರೂ ಈ ಹಣ ಜಪ್ತಿಯಾಗದು. ನೂಲಿನ ಸಾಲದಲ್ಲಿರುವ ಮನೆಗೆ ಇದು ಸಣ್ಣ ಧೈರ್ಯವಲ್ಲ. ಗಂಡ ತನ್ನ ಮೇಲಿನ ಜೀವವಿಮೆಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದರೆ, ಆ ಹಣಕ್ಕೂ ಇಂಥದೇ ರಕ್ಷಣೆ. ಪಾಲಿಸಿ ಮಾಡಿಸುವಾಗಲೇ ಇದನ್ನು ಕೇಳಬೇಕು.

ಹಂತ 4: ತೆರಿಗೆಗೆ ಹೆದರಿ ಪಾಲಿಸಿ ಕೊಳ್ಳಬೇಡಿ. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ದುಡಿಮೆಯ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಪಿಪಿಎಫ್, ವಿಮೆ ಕಂತಿನ 1.5 ಲಕ್ಷದ ವಿನಾಯಿತಿ ಸಿಗುವುದು ಹಳೇ ಪದ್ಧತಿಯಲ್ಲಿ ಮಾತ್ರ. ಆದಾಯ ತೆರಿಗೆ ಕಟ್ಟಬೇಕಾದವರು 2022ರ ಅಕ್ಟೋಬರ್ 1ರಿಂದ ಅಟಲ್ ಪಿಂಚಣಿಗೆ ಸೇರುವಂತಿಲ್ಲ.

ಹಂತ 5: ಮೃತ್ಯುಪತ್ರ ಬರೆಯಿರಿ. ನಾಮಿನಿ ಎಂದರೆ ಮಾಲೀಕರಲ್ಲ, ಸಾಮಾನ್ಯವಾಗಿ ವಾರಸುದಾರರ ಪರವಾಗಿ ಹಣ ಇಸಿದುಕೊಳ್ಳುವವರು. ಹಿಂದೂ ಗಂಡಸು ಮೃತ್ಯುಪತ್ರವಿಲ್ಲದೆ ತೀರಿಕೊಂಡರೆ, ಅವನ ಸ್ವಂತ ಗಳಿಕೆಯ ಮನೆಯಲ್ಲಿ ಹೆಂಡತಿ, ತಾಯಿ, ಪ್ರತಿ ಮಗ, ಪ್ರತಿ ಮಗಳಿಗೆ ಸಮಪಾಲು. ತಾಯಿ ಇದ್ದು ಇಬ್ಬರು ಮಕ್ಕಳಿದ್ದರೆ ಹೆಂಡತಿಗೆ ಬರುವುದು ಕಾಲು ಭಾಗ, ಮಗ್ಗ ಇರುವ ಕೋಣೆಯೂ ಪೂರ್ತಿ ಅವಳದಾಗದು. ಬಿಳಿ ಹಾಳೆ ಸಾಕು, ಸ್ಟಾಂಪ್ ಬೇಡ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರ ಸಹಿಯನ್ನೂ ಹಾಕಿಸಿ. ಪಾಲು ಪಡೆಯುವವರು ಸಾಕ್ಷಿಯಾಗದಿರಲಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ತಕರಾರು ಕಡಿಮೆ. ಮುಸ್ಲಿಂ ಕುಟುಂಬಗಳಲ್ಲಿ, ಉಳಿದ ವಾರಸುದಾರರು ಒಪ್ಪದ ಹೊರತು, ಮೂರನೇ ಒಂದು ಭಾಗಕ್ಕಷ್ಟೇ ಹೀಗೆ ಬರೆಯಲು ಬರುತ್ತದೆ, ಅದೂ ವಾರಸುದಾರರಲ್ಲದವರಿಗೆ. ವಾರಸಾ ಆಸ್ತಿಗೆ ನಮ್ಮ ದೇಶದಲ್ಲಿ 1985ರಿಂದ ತೆರಿಗೆಯಿಲ್ಲ.

ಮುಂದಿನ ಸಲ ಕೂಲಿ ಹಣ ಬಂದ ದಿನ ಬ್ಯಾಂಕಿಗೆ ಇಬ್ಬರೂ ಹೋಗಿ, ಇಬ್ಬರ ಆಧಾರ್ ಕಾರ್ಡೂ ಜೊತೆಗಿರಲಿ.