ಮೀಟರಿನ ಮಿಣುಕು ಎಣಿಸಿದಾಗ

ಕಳೆದ ಆಟಿಯಲ್ಲಿ ನಮ್ಮ ಮನೆಗೆ 205 ಯೂನಿಟಿನ ಬಿಲ್ಲು ಬಂತು. ಮಾಮೂಲು 165-170ರ ಆಸುಪಾಸು. ಹೊಸ ಸಾಮಾನು ಏನೂ ತಂದಿಲ್ಲ, ನೆಂಟರೂ ಇರಲಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗ 2022-23ರ ತಿಂಗಳ ಸರಾಸರಿಗೆ ಶೇ. 10 ಸೇರಿಸಿ ಪ್ರತಿ ಮನೆಗೆ ಉಚಿತ ಮಿತಿ ಕಟ್ಟಿದ್ದರಷ್ಟೆ. ನಮ್ಮ ಸರಾಸರಿ 150, ಮಿತಿ 165. ಎರಡು-ಮೂರು ಯೂನಿಟು ಜಾಸ್ತಿಯಾದರೆ ಅಷ್ಟಕ್ಕೇ ಹಣ. ಆದರೆ 200 ದಾಟಿತೋ, ಪೂರ್ತಿ ಬಿಲ್ಲು ನಮ್ಮ ತಲೆಗೇ.

ಎಲ್ಲರ ಹಾಗೆ ನಾನೂ ಮೊದಲು ಮೀಟರನ್ನೇ ಬೈದೆ. ಆಮೇಲೆ ಕಾಗದ ಹಿಡಿದು ಕೂತೆ. ವ್ಯಾಟನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟು. ಲೆಕ್ಕ ಸುಲಭ, ಆದರೆ ಸಾಮಾನಿನ ಮೇಲೆ ಬರೆದ ವ್ಯಾಟನ್ನು ನಂಬಿ ಮೋಸಹೋಗುವುದೂ ಅಷ್ಟೇ ಸುಲಭ. ಬಾವಿಯ 1 ಎಚ್.ಪಿ. ಪಂಪನ್ನು 746 ವ್ಯಾಟ್ ಎಂದು ಹಾಕಿದ್ದೆ. ಅದು ಮೋಟಾರು ಕೊಡುವ ಶಕ್ತಿ, ತಿನ್ನುವ ಕರೆಂಟಲ್ಲ! ತಿನ್ನುವುದು ಎಷ್ಟು ಎಂದು ತಿಳಿಯಲು ಮೀಟರನ್ನೇ ಕೇಳಬೇಕು.

ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ನೋಡಿರಬಹುದು. ಪಕ್ಕದಲ್ಲೇ ಯೂನಿಟಿಗೆ ಎಷ್ಟು ಮಿಣುಕು ಎಂದು ಅಚ್ಚಾಗಿದೆ. ನಮ್ಮದರಲ್ಲಿ 3200. ಮೂವತ್ತಾರು ಲಕ್ಷವನ್ನು ಈ ಸಂಖ್ಯೆಯಿಂದ ಭಾಗಿಸಿ: ನಮಗೆ 1125, ನಿಮ್ಮದು 1600 ಆದರೆ 2250. ಒಂದು ಮಿಣುಕಿನಿಂದ ಮುಂದಿನ ಮಿಣುಕಿಗೆ ಎಷ್ಟು ಸೆಕೆಂಡೋ, ಅದರಿಂದ ಈ ಅಂಕಿಯನ್ನು ಭಾಗಿಸಿದರೆ ಆ ಕ್ಷಣದ ವ್ಯಾಟು ಸಿಕ್ಕಿತು. ಬೇಗ ಬೇಗ ಮಿಣುಕುವಾಗ ಹತ್ತು ಮಿಣುಕಿನ ಸಮಯ ಹಿಡಿದು ಹತ್ತರಿಂದ ಭಾಗಿಸುವುದು ಒಳ್ಳೆಯದು. ಹಳೇ ಚಕ್ರದ ಮೀಟರಿಗೂ ಇದೇ ಲೆಕ್ಕ, ಮಿಣುಕಿನ ಬದಲು ಒಂದು ಸುತ್ತು.

ಬೇರೆಲ್ಲ ಆರಿಸಿ ಪಂಪು ಹಾಕಿದೆ. ಹತ್ತು ಮಿಣುಕಿಗೆ 9 ಸೆಕೆಂಡು, ಅಂದರೆ 1250 ವ್ಯಾಟು. ದಿನಕ್ಕೆ ಒಂದು ಗಂಟೆಯಾದರೆ ತಿಂಗಳಿಗೆ ಮೂವತ್ತೇಳೂವರೆ ಯೂನಿಟು. ನಾನು ಬರೆದುಕೊಂಡದ್ದು ಇಪ್ಪತ್ತೆರಡು!

ಫ್ರಿಜ್ಜಿಗೆ ಮಾತ್ರ ಈ ಉಪಾಯ ಸಾಲದು, ಅದು ಓಡಿ ನಿಂತು ಓಡುವಂಥದ್ದು. ಮೂಡುಬಿದಿರೆಯ ನೆಂಟರು ಮದುವೆಗೆಂದು ಎರಡು ದಿನ ಮನೆಬಿಟ್ಟಾಗ ಫ್ರಿಜ್ಜೊಂದನ್ನೇ ಚಾಲೂ ಇಟ್ಟು, ಹೋಗುವಾಗ ಬರುವಾಗ ರೀಡಿಂಗ್ ಬರೆದಿಟ್ಟರು. ಐದು ಯೂನಿಟು ಆಗಿತ್ತು. ತಿಂಗಳಿಗೆ 75! ಬಾಗಿಲಿನ ರಬ್ಬರು ಸಡಿಲವಾದ ಹಳೇ ಪೆಟ್ಟಿಗೆ ಅದು.

ಇಷ್ಟಾದರೂ ನಮ್ಮ ಮನೆಯ ಏರಿಕೆಗೆ ಉತ್ತರ ಸಿಕ್ಕಿರಲಿಲ್ಲ. ಪಂಪು, ಫ್ರಿಜ್ಜು ವರ್ಷವಿಡೀ ಓಡುವಂಥವು. ಒಂದು ಮಳೆಯ ರಾತ್ರಿ ಎಲ್ಲ ಸ್ವಿಚ್ಚು ಆರಿಸಿ, ಫ್ರಿಜ್ಜಿನ ಪ್ಲಗ್ಗೂ ಕಿತ್ತು ಮೀಟರಿನ ಎದುರು ನಿಂತೆ. ಮಿಣುಕು ನಿಲ್ಲಲಿಲ್ಲ. 22 ಸೆಕೆಂಡಿಗೊಮ್ಮೆ ಬರುತ್ತಾ ಇತ್ತು. ಲೆಕ್ಕ ಹಾಕಿದರೆ 51 ವ್ಯಾಟು, ಹಗಲೂ ರಾತ್ರಿಯೂ. ತಿಂಗಳಿಗೆ ಹತ್ತಿರ ಹತ್ತಿರ 37 ಯೂನಿಟು. ಕಳ್ಳ ಸಿಕ್ಕಿದ, ಆದರೆ ಅವನ ಮನೆ ಎಲ್ಲಿ?

ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿದೆ. ಹಟ್ಟಿಯದ್ದು ಇಳಿದದ್ದೇ ತಡ, ಮಿಣುಕು ನಿಂತಿತು. ಹಟ್ಟಿಯ ಸ್ವಿಚ್ಚು ಹಟ್ಟಿಯಲ್ಲೇ ಇರುವುದರಿಂದ ಅಲ್ಲಿವರೆಗಿನ ಕೇಬಲಿನಲ್ಲಿ ಯಾವಾಗಲೂ ಕರೆಂಟು ಇರುತ್ತದೆ. ಅಗೆದು ನೋಡಿದರೆ ಬಾಗಿಲಿನ ಹತ್ತಿರ ಹಿಂದೆಂದೋ ಪಿಕ್ಕಾಸಿನ ಏಟು ಬಿದ್ದ ಗಾಯ. ಬೇಸಗೆಯಲ್ಲಿ ಒಣಮಣ್ಣು ಸುಮ್ಮನಿತ್ತು, ಆಟಿಯ ಒದ್ದೆಗೆ ಕರೆಂಟು ನೆಲಕ್ಕೆ ಸೋರುತ್ತಿತ್ತು.

51 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದಾಗ ನನಗೆ ಬೆವರು ಬಂತು. 220 ಮಿಲಿ ಆಂಪಿಯರು! ಮನೆಗೆ ಹಾಕುವ ಆರ್‌ಸಿಸಿಬಿ 30ಕ್ಕೇ ಕಡಿದುಹೋಗುವಂತೆ ಇರುವುದು, ಅದನ್ನು ಮೀರಿದರೆ ಜೀವಕ್ಕೆ ಅಪಾಯವೆಂದೇ. ದನಗಳಿಗೆ ಮುಂಗಾಲು-ಹಿಂಗಾಲಿನ ನಡುವೆ ಅಂತರ ಹೆಚ್ಚು, ಒದ್ದೆ ನೆಲದ ಕರೆಂಟು ನಮಗಿಂತ ಅವಕ್ಕೆ ಜೋರು. ನಮ್ಮ ಕಪ್ಪು ದನ ಬಾಗಿಲಲ್ಲಿ ಹಿಂದೇಟು ಹಾಕುತ್ತಿದ್ದುದು ಇದಕ್ಕೋ ಏನೋ. ಹಠವೆಂದು ನಾನು ಬಾರುಕೋಲು ಎತ್ತಿದ್ದೂ ಉಂಟು.

ಎಂಸಿಬಿ ಇಂಥ ಸೋರಿಕೆಗೆ ಜಗ್ಗುವುದಿಲ್ಲ, ಅದು ನೋಡುವುದು ಓವರ್‌ಲೋಡು ಮತ್ತು ಶಾರ್ಟನ್ನು ಮಾತ್ರ. ನಮ್ಮಲ್ಲಿ ಆರ್‌ಸಿಸಿಬಿ ಇರಲೇ ಇಲ್ಲ. ವಯರಿಂಗಿನವರನ್ನು ಕರೆಸಿ ಹಾಕಿಸಿದೆ, ಹಟ್ಟಿಗೆ ಹೊಸ ಕೇಬಲು ಪೈಪಿನೊಳಗೆ ಹೋಯಿತು. ಎಂಸಿಬಿ ಇಳಿಸಿ ಹುಡುಕುವವರೆಗೆ ನಾವು ಮಾಡಬಹುದು, ಬಿಚ್ಚುವುದು-ಕೂಡಿಸುವುದು ತಿಳಿದವರ ಕೆಲಸ.

ಬೆಳ್ತಂಗಡಿ ಕಡೆ ಘಟ್ಟದ ಬುಡದಲ್ಲಿ ತೊರೆನೀರಿನ ಕಿರು ಟರ್ಬೈನ್ ಇಟ್ಟವರಿಗೆ ಬಿಲ್ಲಿನ ಚಿಂತೆ ಇಲ್ಲ. ಅವರಿಗೆ ಯೂನಿಟಿಗಿಂತ ವ್ಯಾಟು ಮುಖ್ಯ, ಇಸ್ತ್ರಿಪೆಟ್ಟಿಗೆ ಹಾಕುವಾಗ ಗ್ರೈಂಡರು ನಿಲ್ಲಿಸಬೇಕಾದೀತು. ಬಂಟ್ವಾಳದ ನಮಗೆ ಎರಡರ ಲೆಕ್ಕವೂ ಬೇಕು.

ಈಗ ಮಳೆ ಹಿಡಿದ ಮೇಲೆ ತಿಂಗಳಿಗೊಮ್ಮೆ ಎಲ್ಲ ಆರಿಸಿ ಐದು ನಿಮಿಷ ಮೀಟರಿನ ಎದುರು ನಿಲ್ಲುತ್ತೇನೆ. ಹೋದ ವಾರವೂ ನಿಂತಿದ್ದೆ. ದೀಪ ಮಿಣುಕಲಿಲ್ಲ.