ಹೊಳೆ ದಾಟುವ ಮುಂಚೆ

ಹಗರಿ ಸೇತುವೆ ಮೇಲೆ ಬೈಕು ಹಾರಿಸಿಕೊಂಡು ಹೋಗುತ್ತೀಯಲ್ಲ ತಮ್ಮಾ, ಕೆಳಗೆ ನೀರಿದೆಯೋ ಮರಳಿದೆಯೋ ಅಂತಲೂ ಬಗ್ಗಿ ನೋಡಲ್ಲ. ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ದಾಟುವ ಜಾಗಕ್ಕೇ ರಾಜ್ಯಗಳು ಬಡಿದಾಡಿದವು. ನಮ್ಮ ಹಗರಿ ಹೋಗಿ ಸೇರುವ ತುಂಗಭದ್ರೆಗೂ ಆಚೆಯ ಕೃಷ್ಣೆಗೂ ನಡುವಿನ ಎಡೆದೊರೆ ಸೀಮೆ, ಅಂದರೆ ರಾಯಚೂರು, ಮುದಗಲ್ಲು ಕೋಟೆಗಳ ಕಪ್ಪುನೆಲ, ವಿಜಯನಗರಕ್ಕೂ ಬೇಕು, ಬಿಜಾಪುರಕ್ಕೂ ಬೇಕು.

1520ರ ಜಗಳ ಎದ್ದದ್ದು ಕುದುರೆ ವ್ಯಾಪಾರದಿಂದ. ಗೋವೆಯಲ್ಲಿ ಕುದುರೆ ಕೊಂಡು ತಾ ಅಂತ ಕೃಷ್ಣದೇವರಾಯ 40,000 ಚಿನ್ನದ ನಾಣ್ಯ ಕೊಟ್ಟು ಕಳಿಸಿದವನು ಹಣದ ಸಮೇತ ಬಿಜಾಪುರದ ಆದಿಲ್‌ಶಾಹಿ ಕಡೆಗೆ ಓಡಿಹೋದ ಅಂತ ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ. ರಾಯರು ರಾಯಚೂರು ಮುತ್ತಿದರು. ಕೋಟೆ ಉಳಿಸಿಕೊಳ್ಳಲು ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆಯ ದಡಕ್ಕೆ ಬಂದ. ತೆಪ್ಪಗಳು ಇನ್ನೂ ಸಾಲದಾಗಿದ್ದವು. ಕುಡಿದ ಹುರುಪಿನಲ್ಲಿ ಆನೆ ಏರಿ ಈಗಲೇ ದಾಟಿ ಅಂದುಬಿಟ್ಟ. ದಾಟಿದವರಿಗೆ ಹಿಂದೆ ತುಂಬಿದ ಹೊಳೆ, ಮುಂದೆ ರಾಯರ ದಂಡು. ಸೋತು ತಿರುಗಿದವರಲ್ಲಿ ಎಷ್ಟೋ ಜನ ನೀರುಪಾಲಾದರು. ಹೀಗೆ ಕುಡಿದು ದಾಟಿದ್ದನ್ನು ಬರೆದವನು ಬಿಜಾಪುರದ ಆಸ್ಥಾನದಲ್ಲೇ ಇದ್ದ ಫೆರಿಷ್ತಾ. ತನ್ನವರ ತಪ್ಪನ್ನು ಮುಚ್ಚಿಡದ ಅವನ ಮೇಲೆ ನನಗೆ ಗೌರವ.

ನಮ್ಮವರು ಬಲು ಜಾಣರು ಅಂತ ಬೀಗಬೇಡ. 1565ರಲ್ಲಿ ಅದೇ ಕೃಷ್ಣೆಯ ದಾಟುವ ಜಾಗಕ್ಕೆ ವಿಜಯನಗರದ ಅಳಿಯ ರಾಮರಾಯನ ಕಡೆಯವರು ಮಣ್ಣಿನ ಗೋಡೆ ಕಟ್ಟಿ, ಫಿರಂಗಿ ಇಟ್ಟು ಕಾದಿದ್ದರು. ಎದುರಾಳಿ ದಖ್ಖನಿನ ಸುಲ್ತಾನರು ಬೇರೆ ದಾರಿ ಹುಡುಕುವವರ ಹಾಗೆ ದಡದುದ್ದಕ್ಕೂ 3 ದಿನ ನಡೆದರು. ಇವರೂ ಈಚೆ ದಡದಲ್ಲಿ ಅವರ ಜೊತೆಗೇ ನಡೆದರು, ಕಟ್ಟಿದ ಗೋಡೆ ಬಿಟ್ಟು! ರಾತ್ರೋರಾತ್ರಿ ಅವರು ಹಿಂದಿರುಗಿ ಅಲ್ಲೇ ದಾಟಿದರು. ಆ ಯುದ್ಧದಲ್ಲಿ ನಮ್ಮವರ ಸೋಲಿಗೆ ಬೇರೆ ಕಾರಣಗಳೂ ಇದ್ದವು, ಒಪ್ಪುತ್ತೇನೆ. ಆದರೆ ರಾಜಧಾನಿ ಹಂಪಿಯ ಬಜಾರುಗಳು ಹಾಳಾಗುವುದಕ್ಕೆ ಮೊದಲು ಆ ದಡ ಖಾಲಿಯಾಯಿತು.

ನಿನ್ನಲ್ಲಿ ಕಸುವಿದೆ, ಬುದ್ಧಿ ಚುರುಕು. ಪಕ್ಕದವನು ಮೆಣಸಿನಕಾಯಿ ಹಾಕಿದ ಅಂತ ನೀನೂ ಹಾಕುತ್ತೀ. ಅವನು ಟ್ರ್ಯಾಕ್ಟರ್ ತಂದರೆ ನಿನಗೂ ರಾತ್ರಿ ನಿದ್ದೆ ಬರಲ್ಲ. ಅವನು ನಡೆದ ಕಡೆಗೆಲ್ಲ ನೀನು ಯಾಕೆ ನಡೀಬೇಕು? ನಿನ್ನ ಹೊಲದ ಹದ ನಿನಗೆ ಗೊತ್ತು. ಸಾಲದ ಕಾಗದಕ್ಕೆ ಇವತ್ತೇ ಸಹಿ ಹಾಕು ಅಂತ ಅವಸರ ಮಾಡುವವನಿಗೆ, ಮನೇಲಿ ಕೇಳಿ ನಾಳೆ ಹೇಳ್ತೀನಿ ಅನ್ನು. ನಾಚಿಕೆಪಡಬೇಡ. ಈ ಸಲ ಭತ್ತ ಮಾರುವ ಮೊದಲು ಸಿರುಗುಪ್ಪಕ್ಕೆ ಹೋಗಿ ದರ ಕೇಳಿಕೊಂಡು ಬಾ.